ಅಕ್ಕ ದಾಟದ ಗೆರೆ

ಹೇಳಬೇಕಾದ ಹೊತ್ತಿನಲ್ಲಿ ನಾನು ಒಂದು ಮಾತು ಹೇಳಲಿಲ್ಲ. ದೊಡ್ಡ ಮಾತೇನಲ್ಲ. ‘ಈ ಗೆರೆ ತಪ್ಪಾಗಿದೆ’ ಎಂದಿದ್ದರೆ ಸಾಕಿತ್ತು. ಬ್ಯಾಸ್ಕೆಟ್‌ಬಾಲ್ ಆಡುವಾಗ ಕೋರ್ಟಿನ ಪಕ್ಕದಲ್ಲಿ ಕೋಚ್ ಎಲ್ಲಿಯವರೆಗೆ ಬರಬಹುದು ಎಂದು ತೋರಿಸುವ ಗೆರೆ ಅದು. ಎರಡು ಮೀಟರ್ ಉದ್ದ, ಬಿಳಿ ಬಣ್ಣ. ಅದನ್ನು ಎಳೆದವನು ನಾನು. ಅದನ್ನು ದಾಟಿದಳೆಂದು ಪಂದ್ಯದ ನಡುವೆ ಹೊರಗೆ ಹೋದವಳು ನನ್ನ ಸ್ವಂತ ಅಕ್ಕ. ಗೆರೆ ಇರಬೇಕಾದ ಜಾಗದಲ್ಲಿ ಇಲ್ಲ ಎಂದು ಅದೇ ಸಂಜೆ ನನಗೆ ತಿಳಿಯಿತು. ಹದಿಮೂರು ವರ್ಷ ಬಾಯಿ ಬಿಡಲಿಲ್ಲ.

ಈಗ ಹೇಳಿಯಾಗಿದೆ. ಅದಕ್ಕೇ ಇದನ್ನು ಸಮಾಧಾನವಾಗಿ ಕೂತು ಬರೆಯಲು ಆಗುತ್ತಿದೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಯಲಹಂಕದ ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಮೂವತ್ತೆರಡು ವರ್ಷ ಕೋರ್ಟು ನೋಡಿಕೊಂಡೆ. ಗುಡಿಸುವುದು, ಗೆರೆ ಹಾಕುವುದು, ಹರಿದ ಬಲೆ ಬದಲಾಯಿಸುವುದು, ಪಂದ್ಯವಿದ್ದ ದಿನ ಟೇಬಲ್ಲಿನಲ್ಲಿ ಕೂತು ಸ್ಕೋರ್ ಬರೆಯುವುದು. ಹೋದ ವರ್ಷ ಮಂಡಿ ನೋವು ಹೆಚ್ಚಾಗಿ ಬಿಟ್ಟೆ. ಟೇಬಲ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಸ್ರೀನ್ ಎಂಬ ರೆಫರಿ ತರಬೇತಿ ಕೊಡುತ್ತಾಳೆ. ಅವಳೇ ನನಗೆ ಗಂಟುಬಿದ್ದು ಹೇಳಿದಳು, “ರಾಜಣ್ಣ, ನೀವು ಕಂಡಿದ್ದನ್ನ ಬರ್ದುಕೊಡಿ. ನಿಯಮ ಎಲ್ಲಾ ಫೋನಲ್ಲೇ ಸಿಗುತ್ತೆ. ನೀವು ಮಾಡಿರೋ ತಪ್ಪುಗಳು ಎಲ್ಲೂ ಸಿಗಲ್ಲ.” ಹಾಗಾಗಿ ಯಾವಾಗ ಯಾವ ಹುದ್ದೆಗೆ ಏರಿದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು ತಪ್ಪುಗಳನ್ನೇ ಬರೆಯುತ್ತೇನೆ.

ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳು ಅಕ್ಕ, ಜಯಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮದು ಯಲಹಂಕದ ಹತ್ತಿರದ ಸಿಂಗಾಪುರ. ಆಗ ಅದು ಇನ್ನೂ ಹಳ್ಳಿ. ಅಕ್ಕ ಓದಿನಲ್ಲಿ ಮುಂದಿದ್ದಳು, ಆಟದಲ್ಲಿ ಅದಕ್ಕಿಂತ ಮುಂದೆ. ಯಲಹಂಕದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ, ಅಲ್ಲಿನ ಹುಡುಗಿಯರನ್ನು ಅಭ್ಯಾಸಕ್ಕೆ ನಮ್ಮ ಕ್ಲಬ್ಬಿನ ಕೋರ್ಟಿಗೆ ಕರೆತರುತ್ತಿದ್ದಳು. ನಾನು ಗಾರೆ ಕೆಲಸಕ್ಕೆ ಹೋಗುತ್ತಿದ್ದೆ. ಕ್ಲಬ್ಬಿನಲ್ಲಿ ಗೆರೆ ಹಾಕಲು ಆಳು ಬೇಕಾದಾಗ ಅಕ್ಕ ನನ್ನ ತೋಳು ಹಿಡಿದು ಒಳಗೆ ನಿಲ್ಲಿಸಿ ಹೇಳಿದಳು, “ಇವ್ನು ನನ್ ತಮ್ಮ, ಮುನಿರಾಜು. ಓದು ಅಷ್ಟಕ್ಕಷ್ಟೆ. ಆದ್ರೆ ಇವ್ನು ಕಟ್ಟಿದ್ ಗೋಡೆ ಒಂದ್ ನೂಲೂ ಓರೆ ಇರಲ್ಲ.”

ಆಗ ನಮ್ಮದು ಮಣ್ಣಿನ ಕೋರ್ಟು. ಬೆಳಿಗ್ಗೆ ನೀರು ಹೊಡೆದು, ರೋಲರ್ ಎಳೆದು, ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು. ಸಂಜೆಗೆ ಹುಡುಗರ ಕಾಲಿಗೆ ಸಿಕ್ಕಿ ಅರ್ಧ ಅಳಿಸಿರುತ್ತಿತ್ತು. ಮಾರನೇ ದಿನ ಮತ್ತೆ ಅದೇ. ಬೇಸರ ಅನ್ನಿಸಲಿಲ್ಲ. ಗೋಡೆ ಕಟ್ಟಿದರೆ ಅದರೊಳಗೆ ಇನ್ಯಾರೋ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಗೆರೆ ಹಾಕಿದರೆ ಅದರೊಳಗೆ ನಡೆಯುವುದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು.

ಸ್ಕೋರ್ ಬರೆಯಲು ಕಲಿಸಿದವರು ಶ್ರೀನಿವಾಸಯ್ಯ. ಟೇಬಲ್ಲಿಗೆ ಅವರೇ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಇಂಗ್ಲಿಷಿನಲ್ಲಿ ಬರೆದ ಹೆಸರು ಓದಲು ನನಗೆ ಬರುತ್ತಿರಲಿಲ್ಲ. “ಹೆಸ್ರು ಕಟ್ಕೊಂಡು ಏನ್ ಮಾಡ್ತೀಯ? ನಂಬರ್ ಓದೋಕೆ ಬರುತ್ತಲ್ಲ, ಸಾಕು” ಅಂದರು. ಎರಡು ಪಾಯಿಂಟಿಗೆ ಓರೆ ಗೀಟು, ಮೂರಾದರೆ ಆಟಗಾರನ ನಂಬರಿಗೊಂದು ಸುತ್ತು, ಫ್ರೀ ಥ್ರೋಗೆ ತುಂಬಿದ ಚುಕ್ಕೆ. ಒಂದು ವಾರದಲ್ಲಿ ಬಂತು.

ಬರದೇ ಹೋದದ್ದು ಸುಮ್ಮನಿರುವುದು. ನನ್ನ ಮೂರನೆಯದೋ ನಾಲ್ಕನೆಯದೋ ಪಂದ್ಯ. ಒಬ್ಬ ಹುಡುಗ ಮೂವರನ್ನು ದಾಟಿ ಹಾಕಿದ ಬ್ಯಾಸ್ಕೆಟ್ ನೋಡಿ ನಾನು ಎದ್ದು ನಿಂತು ಶಿಳ್ಳೆ ಹಾಕಿಬಿಟ್ಟೆ. ಆ ಖುಷಿಯಲ್ಲಿ ಬ್ಯಾಸ್ಕೆಟ್ ಬರೆಯುವುದನ್ನೇ ಮರೆತೆ. ಪಂದ್ಯದ ಕೊನೆಗೆ ಲೆಕ್ಕ ಕೂಡಲಿಲ್ಲ, ಎರಡೂ ತಂಡದ ಕೋಚ್‌ಗಳು ಟೇಬಲ್ಲಿಗೆ ಮುತ್ತಿಗೆ ಹಾಕಿದರು. ಎಲ್ಲರನ್ನೂ ಸಮಾಧಾನ ಮಾಡಿ ಕಳಿಸಿದ ಮೇಲೆ ಶ್ರೀನಿವಾಸಯ್ಯ ನನ್ನ ಕಡೆ ತಿರುಗಿದರು.

“ಟಿಕೆಟ್ ತಗೊಂಡ್ ಬಂದಿದ್ಯೇನೋ?”

“ಇಲ್ಲ ಸಾರ್.”

“ಮತ್ಯಾಕೆ ಆಟ ನೋಡ್ತಿದ್ದೆ? ನಮ್ಗೆ ಆಟ ನೋಡೋ ಯೋಗ ಇಲ್ಲ ಕಣೋ. ಚೆಂಡು ನೋಡ್ಬೇಡ, ರೆಫರಿ ಬೆರಳು ನೋಡು.”

ಹೊಸದಾಗಿ ಟೇಬಲ್ಲಿಗೆ ಬರುವವರಿಗೆ ಇದಕ್ಕಿಂತ ದೊಡ್ಡ ಪಾಠ ನನ್ನ ಹತ್ತಿರ ಇಲ್ಲ. ರೆಫರಿಯ ಬೆರಳು ನೋಡಿ. ಶಿಳ್ಳೆ ಮನೆಗೆ ಹೋಗಿ ಹಾಕಿ.

ಇನ್ನು ಕೋಚ್‌ಗಳ ವಿಷಯ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಟೇಬಲ್ಲಿನವರಿಗೆ ಆಟಗಾರರಿಗಿಂತ ಕೋಚ್‌ಗಳದ್ದೇ ಹೆಚ್ಚು ಪೀಕಲಾಟ. ನಿಯಮ ಸರಳ. ಕೋರ್ಟನ್ನು ಎರಡು ಭಾಗ ಮಾಡುವ ನಡುಗೆರೆಯಿಂದ ಐದು ಮೀಟರ್ ಬಿಟ್ಟು, ಪಕ್ಕದಲ್ಲಿ ಒಂದೊಂದು ಬೆಂಚಿಗೂ ಒಂದೊಂದು ಗೆರೆ. ಅಲ್ಲಿಂದ ಕೋರ್ಟಿನ ಮೂಲೆಯವರೆಗಿನ ಜಾಗ ಆ ತಂಡದ್ದು. ಕೋಚ್ ಅಷ್ಟರೊಳಗೆ ನಿಲ್ಲಬಹುದು, ನಡೆಯಬಹುದು, ಕೂಗಬಹುದು. ಗೆರೆ ದಾಟಿ ಟೇಬಲ್ ಕಡೆ ಬರುವ ಹಾಗಿಲ್ಲ, ಕೋರ್ಟಿನೊಳಗೆ ಕಾಲಿಡುವ ಹಾಗಿಲ್ಲ. ಸ್ಕೋರೋ ಫೌಲೋ ಕೇಳಬೇಕೆಂದರೆ ಗಡಿಯಾರ ನಿಂತಾಗ ಮರ್ಯಾದೆಯಿಂದ ಬಂದು ಕೇಳಬೇಕು. ಮೀರಿದರೆ ಮೊದಲು ಎಚ್ಚರಿಕೆ, ಆಮೇಲೆ ಟೆಕ್ನಿಕಲ್ ಫೌಲ್. ಎರಡು ಟೆಕ್ನಿಕಲ್ ಆದರೆ ಕೋಚ್ ಆಚೆ ಹೋಗಬೇಕು.

ಯಶವಂತಪುರದ ಕಡೆಯ ಒಬ್ಬ ಕೋಚ್ ಇದ್ದರು. ಆಟ ನಡೆಯುತ್ತಿರುವಾಗಲೇ ಕೈಯಲ್ಲೊಂದು ಕಡಲೇಕಾಯಿ ಪೊಟ್ಟಣ ಹಿಡಿದು ಮೆಲ್ಲಗೆ ಟೇಬಲ್ಲಿಗೆ ಬರುವರು. “ತಗೊಳ್ಳಿ ರಾಜಣ್ಣ, ಬಿಸಿ ಬಿಸಿ ಐತೆ” ಎನ್ನುತ್ತಾ ಕಣ್ಣು ಸ್ಕೋರ್ ಹಾಳೆಯ ಮೇಲೆ, ಎದುರಿನವರಿಗೆ ಎಷ್ಟು ಫೌಲಾಗಿದೆ ಎಂದು. ಶ್ರೀನಿವಾಸಯ್ಯ ಎರಡು ಸಲ ಸುಮ್ಮನಿದ್ದರು. ಮೂರನೇ ಸಲ ಪೊಟ್ಟಣ ಇಸಿದುಕೊಂಡು ಹಾಳೆಯ ಮೇಲೆ ಇಟ್ಟು ಮುಚ್ಚಿಬಿಟ್ಟರು. “ಕಡ್ಲೇಕಾಯ್ಗೆ ಥ್ಯಾಂಕ್ಸು. ಹಾಳೆ ಗಡಿಯಾರ ನಿಂತ್ಮೇಲೆ ತೋರಿಸ್ತೀನಿ, ಬನ್ನಿ.” ಅಂದಿನಿಂದ ಅವರು ಖಾಲಿ ಕೈಯಲ್ಲಿ, ಗಡಿಯಾರ ನಿಂತಾಗಲೇ ಬರತೊಡಗಿದರು. ನಮಗೆ ಕಡಲೇಕಾಯಿ ತಪ್ಪಿತು.

ಆರ್.ಟಿ. ನಗರದ ಒಂದು ಮೈದಾನದಲ್ಲಿ ಆದದ್ದು ಇನ್ನೂ ಚೆನ್ನಾಗಿದೆ. ಅಲ್ಲಿ ಕೋರ್ಟಿನ ಕಾಂಪೌಂಡಿಗೆ ಅಂಟಿಕೊಂಡೇ ಮನೆಗಳು. ಒಬ್ಬ ಕೋಚನ್ನು ರೆಫರಿ ಬಷೀರ್ ಸಾಹೇಬರು ಎರಡು ಟೆಕ್ನಿಕಲ್ ಕೊಟ್ಟು ಹೊರಗೆ ಕಳಿಸಿದರು. ಮನುಷ್ಯ ಮರುಮಾತಾಡದೆ ಗೇಟು ದಾಟಿ ಹೋದ. ಐದು ನಿಮಿಷವಾದ ಮೇಲೆ ನೋಡಿದರೆ ಅವನ ಹುಡುಗರೆಲ್ಲ ಘಳಿಗೆಗೊಮ್ಮೆ ಆಕಾಶ ನೋಡುತ್ತಿದ್ದಾರೆ. ನಾನೂ ತಲೆ ಎತ್ತಿದೆ. ಪಕ್ಕದ ಮನೆಯ ತಾರಸಿಯ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ ನಿಂತು ಅವನು ಕೆಂಪು ಟವೆಲ್ ಬೀಸುತ್ತಿದ್ದ. ಕೆಂಪು ಬೀಸಿದರೆ ಒಂದು ಬಗೆಯ ಆಟ, ಬಿಳಿ ಪಂಚೆ ಬೀಸಿದರೆ ಇನ್ನೊಂದು. ಬಷೀರ್ ಸಾಹೇಬರು ಸೀಟಿ ಊದಿ ಆಟ ನಿಲ್ಲಿಸಿ ತಾರಸಿಯ ಕೆಳಗೆ ಹೋಗಿ ನಿಂತರು.

“ಕೆಳಗೆ ಇಳೀರಿ ಸಾರ್.”

“ನಾನು ನಿಮ್ಮ ಕೋರ್ಟಲ್ಲಿ ಇಲ್ವಲ್ಲ ಸಾಹೇಬ್ರೆ! ನಮ್ ಫ್ರೆಂಡ್ ಮನೆ ಇದು.”

ಅಷ್ಟರಲ್ಲಿ ಆ ಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದರು. “ಯಾವ್ ಫ್ರೆಂಡ್ರೀ? ಯಾರ್ರೀ ನೀವು? ನಮ್ಮನೆಯವ್ರ ಟವೆಲ್ ಇಡ್ರೀ ಮೊದ್ಲು!” ನಿಯಮದ ಪುಸ್ತಕದಿಂದ ಆಗದ ಕೆಲಸ ಅವರಿಂದ ಆಯಿತು. ಮನುಷ್ಯ ಇಳಿದು ಬಂದು ಬಸ್ ಸ್ಟಾಪಿಗೆ ಹೋಗಿ ಕೂತ.

ಬಷೀರ್ ಸಾಹೇಬರ ಬಗ್ಗೆ ಇನ್ನೆರಡು ಮಾತು ಬರೆಯಬೇಕು. ಬಹಳ ಕಟ್ಟುನಿಟ್ಟು. ಆದರೆ ಎಲ್ಲಿ ಕಣ್ಣು ತಿರುಗಿಸಬೇಕು ಎಂಬುದೂ ಗೊತ್ತಿತ್ತು. ಒಮ್ಮೆ ಅಕ್ಕನ ತಂಡದ ಹುಡುಗಿಯೊಬ್ಬಳು ಕಾಲು ಉಳುಕಿ ಬಿದ್ದಳು. ರೆಫರಿ ಕರೆಯುವ ಮೊದಲೇ ಕೋಚ್ ಒಳಗೆ ಬರುವ ಹಾಗಿಲ್ಲ. ಅಕ್ಕ ಆಗಲೇ ಓಡಿ ಹೋಗಿ ಹುಡುಗಿಯ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಷೀರ್ ಸಾಹೇಬರು ತಮ್ಮ ಶೂ ಲೇಸ್ ಬಿಚ್ಚಿ, ನಿಧಾನವಾಗಿ ಕಟ್ಟಿಕೊಂಡು, ಎದ್ದು ನಿಂತು, ಆಮೇಲೆ “ಬನ್ನಿ ಮೇಡಂ” ಎಂದು ಕೈ ಮಾಡಿದರು. ಕಾಲು ಉಳುಕಿಸಿಕೊಂಡ ಆ ಹುಡುಗಿಯೇ ಈಗಿನ ರೆಫರಿ ನಸ್ರೀನ್.

ಅಕ್ಕ ಕೂತು ಕೋಚ್ ಮಾಡಿದ್ದನ್ನು ಆ ಕಾಲದಲ್ಲಿ ಯಾರೂ ನೋಡಿಲ್ಲ. ಬೆಂಚಿನ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುವಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಕ್ಯಾನ್ವಾಸ್ ಶೂ. “ಕಾಲ್ ಆಡ್ಸೇ! ಕೈ ಮೇಲಕ್ಕೆ! ಏನ್ ತಂಗ್ಯಮ್ಮ, ಗೊಂಬೆ ಥರ ನಿಂತಿದೀಯಾ!” ಅಷ್ಟು ನಡೆದರೂ ಒಂದು ದಿನವೂ ಗೆರೆ ದಾಟಿದವಳಲ್ಲ. ಅವಳು ಗೆರೆ ನೋಡುತ್ತಲೂ ಇರಲಿಲ್ಲ. ನಮ್ಮ ಕೋರ್ಟಿನ ತಂತಿ ಬೇಲಿಗೆ ಕಬ್ಬಿಣದ ಕಂಬಗಳಿವೆ. ಬಲಗಡೆಯ ಬೆಂಚಿನ ಹಿಂದೆ ಮೂರನೇ ಕಂಬದ ನೇರಕ್ಕೆ ಬಂದರೆ ಅವಳ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಅಲ್ಲಿಗೇ ಗೆರೆ ಎಂದು ಅವಳ ಮೈಗೆ ಗೊತ್ತಿತ್ತು.

ಇನ್ನು ಆ ದಿನಕ್ಕೆ ಬರುತ್ತೇನೆ.

ಆ ಹೊತ್ತಿಗೆ ನಮ್ಮದು ಸಿಮೆಂಟ್ ಕೋರ್ಟು ಆಗಿತ್ತು. ಆಟದ ನಿಯಮ ಬದಲಾಗಿ, ಮೂರು ಪಾಯಿಂಟಿನ ಕಮಾನು ಹಿಂದಕ್ಕೆ ಹೋಗಿ, ಬ್ಯಾಸ್ಕೆಟ್ ಕೆಳಗಿನ ಜಾಗದ ಆಕಾರವೂ ಬದಲಾಗಿತ್ತು. ಹಳೆಯ ಗೆರೆಗಳನ್ನೆಲ್ಲ ಕೆರೆದು ಹೊಸದಾಗಿ ಹಾಕಬೇಕಾಯಿತು. ಶಾಲಾ ಹುಡುಗಿಯರ ಟೂರ್ನಮೆಂಟಿನ ಫೈನಲ್ ಅಲ್ಲೇ ಇತ್ತು, ನನಗೆ ಇದ್ದದ್ದು ಮೂರು ದಿನ.

ನನ್ನದೊಂದು ಹಳೆಯ ಹಳದಿ ಬಟ್ಟೆ ಟೇಪು. ಅದರ ತುದಿ ಹರಿದುಹೋಗಿ ಮೊದಲ ಅರ್ಧ ಮೀಟರ್ ಇರಲೇ ಇಲ್ಲ. ಹಾಗಾಗಿ ಐವತ್ತು ಸೆಂಟಿಮೀಟರಿನ ಗುರುತನ್ನು ಶುರುವಿಗೆ ಹಿಡಿದು, ಆ ಕಡೆ ಅರ್ಧ ಮೀಟರ್ ಹೆಚ್ಚಿಗೆ ಓದುತ್ತಿದ್ದೆ. ಐದು ಮೀಟರ್ ಬೇಕಾದರೆ ಐದೂವರೆಗೆ ಗುರುತು. ವರ್ಷಗಟ್ಟಲೆ ಹಾಗೇ ಮಾಡಿ ಅದು ಉಸಿರಾಟದ ಹಾಗೆ ಆಗಿತ್ತು. “ಹೊಸಾದು ತಗೊಳ್ಳೋ” ಎಂದು ಶ್ರೀನಿವಾಸಯ್ಯ ಎಷ್ಟೋ ಸಲ ಅಂದಿದ್ದರು. “ಇದು ನನ್ ಕೈಗೆ ಪಳಗೈತೆ ಸಾರ್” ಎನ್ನುತ್ತಿದ್ದೆ.

ಕೊನೆಗೆ ಉಳಿದದ್ದು ಬೆಂಚಿನ ಎರಡು ಗೆರೆ. ಎಡಗಡೆಯದು ಹಾಕಿ ಮುಗಿಸಿದೆ. ಟೇಪ್ ಸುತ್ತುವಾಗ ಬಿಸಿಲಿಗೆ ಒಣಗಿದ್ದ ಬಟ್ಟೆ ನಡುವೆ ಕಿತ್ತುಬಂತು. ಕ್ಲಬ್ಬಿನ ಕಾರ್ಯದರ್ಶಿ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಸ್ಟೀಲ್ ಟೇಪ್ ತರಿಸಿಕೊಟ್ಟರು. ಸೊನ್ನೆಯಿಂದ ಶುರುವಾಗುವ, ಥಳಥಳ ಹೊಳೆಯುವ ಟೇಪು. ಅದರ ಕೊಕ್ಕೆಯನ್ನು ನಡುಗೆರೆಗೆ ಸಿಕ್ಕಿಸಿ ಬಲಗಡೆಗೆ ಎಳೆದೆ. ಅಭ್ಯಾಸ ನೋಡಿ, ಐದೂವರೆಗೇ ಗುರುತು ಮಾಡಿದೆ. ಯಾವಾಗಲೂ ಗೆರೆ ಹಾಕಿದ ಮೇಲೆ ಹೆಜ್ಜೆ ಹಾಕಿ ಸರಿನೋಡುತ್ತಿದ್ದೆ. ಅವತ್ತು ಶಾಮಿಯಾನದವರು ಬಂದು ಗಡಿಬಿಡಿ ಮಾಡಿದರು. ನೋಡಲಿಲ್ಲ.

ಅಂದರೆ ಬಲಗಡೆಯ ಕೋಚ್‌ಗೆ ನಡೆಯಲು ಅರ್ಧ ಮೀಟರ್ ಜಾಗ ಕಡಿಮೆಯಾಯಿತು. ಬರಿ ಕಣ್ಣಿಗೆ ಯಾರಿಗೂ ಕಾಣುವುದಿಲ್ಲ. ಟಾಸಿನಲ್ಲೋ ಪಟ್ಟಿಯಲ್ಲೋ ಬಲಗಡೆಯ ಬೆಂಚು ಅಕ್ಕನ ತಂಡಕ್ಕೇ ಬಂತು.

ಪಂದ್ಯದ ಬೆಳಿಗ್ಗೆ ಶ್ರೀನಿವಾಸಯ್ಯ ಕೇಳಿದ್ದರು, “ಅಕ್ಕನ ಮ್ಯಾಚು. ಕೂರ್ತೀಯಾ, ಬೇರೆಯವ್ರನ್ನ ಕೂರಿಸ್ಲಾ?” ನಾನೇ ಜಂಬದಿಂದ ಕೂರುತ್ತೇನೆ ಅಂದೆ. ಕೂತ ಮೇಲೆ ಒಂದೇ ಯೋಚನೆ. ತಮ್ಮ, ಅಕ್ಕನ ಪರ ಬರೆದ ಎಂದು ಯಾರೂ ಅನ್ನಬಾರದು. ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ.

ಮೊದಲರ್ಧದಲ್ಲಿ ಎದುರು ತಂಡದ ಕೋಚ್ ದೂರು ಹೇಳಿದರು, “ಸಾರ್, ನೋಡಿ, ಅವರ ಕೋಚ್ ಗೆರೆ ದಾಟಿ ನಿಂತಿದಾರೆ.” ಬಷೀರ್ ಸಾಹೇಬರು ಬಂದರು. ಅಕ್ಕ ಮೂರನೇ ಕಂಬದ ನೇರಕ್ಕೆ ನಿಂತಿದ್ದಳು.

“ಮೇಡಂ, ಗೆರೆ ಒಳಗೆ.”

“ಒಳಗೇ ಇದೀನಲ್ಲ ಸಾರ್.”

“ಕೆಳಗೆ ನೋಡಿ.”

ನೋಡಿದಳು. ಒಂದು ಕಾಲು ಪೂರಾ ಆಚೆಗಿತ್ತು. “ಅಯ್ಯೋ, ಹೌದಲ್ಲ!” ಎಂದು ನಕ್ಕು ಹಿಂದೆ ಸರಿದಳು. ಮೂರನೇ ಕ್ವಾರ್ಟರಿನಲ್ಲಿ ಆಟ ಬಿಗಿಯಾಯಿತು. ಅಕ್ಕ ಕೂಗುತ್ತಾ ನಡೆದಳು, ಕಾಲು ಕಂಬದವರೆಗೆ ಹೋಯಿತು. ಎದುರಿನ ಕೋಚ್ ಮತ್ತೆ ಕೂಗಿದರು. ಟೆಕ್ನಿಕಲ್. ಆಗ ಟೆಕ್ನಿಕಲ್ ಎಂದರೆ ಎದುರಿನವರಿಗೆ ಎರಡು ಫ್ರೀ ಥ್ರೋ, ಜೊತೆಗೆ ಚೆಂಡೂ ಅವರಿಗೇ. ಅಕ್ಕ ಮೊದಲ ಸಲ ನನ್ನ ಕಡೆ ನೋಡಿದಳು.

“ರಾಜು, ಗೆರೆ ನೀನೇ ತಾನೆ ಹಾಕಿದ್ದು? ಸರಿಯಾಗೈತೇನೋ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗೆರೆ ನೋಡಿದೆ, ಮೂರನೇ ಕಂಬ ನೋಡಿದೆ. ಎರಡೂ ಒಂದೇ ನೇರದಲ್ಲಿಲ್ಲ ಎಂದು ಆಗಲೇ ಅನ್ನಿಸಿತು. ಎದ್ದು ಹೋಗಿ ಟೇಪ್ ಹಿಡಿದಿದ್ದರೆ ಒಂದು ನಿಮಿಷದ ಕೆಲಸ. ಅಕ್ಕನಿಗೋಸ್ಕರ ಆಟ ನಿಲ್ಲಿಸಿದ ಅನ್ನುತ್ತಾರೆ ಎಂಬ ಭಯ ಒಂದು ಕಡೆ. ಮುನಿರಾಜು ಹಾಕಿದ ಗೆರೆ ತಪ್ಪಿತು ಅನ್ನುತ್ತಾರೆ ಎಂಬುದು ಇನ್ನೊಂದು ಕಡೆ. ಅದರಲ್ಲಿ ಎರಡನೆಯದೇ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಓದಿಲ್ಲ, ಬೇರೆ ಯಾವ ಹೆಸರೂ ಇಲ್ಲ. ಗೆರೆಯೊಂದೇ ನನ್ನ ಹೆಸರು.

“ಸರಿಯಾಗೈತೆ ಅಕ್ಕ” ಅಂದೆ.

ಅವಳು ಗೆರೆಯ ಒಳಕ್ಕೆ ಸರಿದಳು. ಆದರೆ ಮೈಗೆ ಇಪ್ಪತ್ತು ವರ್ಷದ ಅಭ್ಯಾಸ. ಕೊನೆಯ ಕ್ವಾರ್ಟರಿನಲ್ಲಿ ನಸ್ರೀನ್ ಚೆಂಡು ಹಿಡಿದು ಓಡಿದಾಗ ಅಕ್ಕನೂ ಪಕ್ಕದಲ್ಲೇ ಓಡುತ್ತಾ ಬಂದು ಕಂಬದ ನೇರಕ್ಕೆ ನಿಂತಳು. ಬಷೀರ್ ಸಾಹೇಬರಿಗೆ ಈ ಸಲ ಶೂ ಲೇಸ್ ಕಟ್ಟಲು ಆಗಲಿಲ್ಲ. ಎದುರಿನವರು ಎಲ್ಲ ನೋಡುತ್ತಿದ್ದರು, ಟೇಬಲ್ಲಿನಲ್ಲಿ ತಮ್ಮ ಬೇರೆ. ಎರಡನೇ ಟೆಕ್ನಿಕಲ್ ಕೊಟ್ಟರು. ಸ್ಕೋರ್ ಹಾಳೆಯಲ್ಲಿ ಅಕ್ಕನ ಹೆಸರಿನ ಮುಂದೆ, ಕೋಚ್ ಮೇಲಿನ ಟೆಕ್ನಿಕಲ್ ಎಂದು ತೋರಿಸುವ ಇಂಗ್ಲಿಷಿನ ‘ಸಿ’ ಅಕ್ಷರವನ್ನು ಎರಡನೇ ಸಲ ಬರೆದವನು ನಾನೇ. ಅವಳು ನೀರಿನ ಬಾಟಲಿ ತೆಗೆದುಕೊಂಡು ಗೇಟಿನ ಆಚೆ ಹೋಗಿ, ಕೋರ್ಟಿಗೆ ಬೆನ್ನು ಮಾಡಿ ನಿಂತಳು. ತಂಡ ಒಂದು ಪಾಯಿಂಟಿನಿಂದ ಸೋತಿತು.

ಸಂಜೆ ಜನ ಹೋದ ಮೇಲೆ ಸ್ಟೀಲ್ ಟೇಪ್ ಹಿಡಿದೆ. ಐದೂವರೆ. ಮತ್ತೊಮ್ಮೆ ಹಿಡಿದೆ. ಐದೂವರೆ. ಕೂತುಬಿಟ್ಟೆ. ಶ್ರೀನಿವಾಸಯ್ಯನವರ ಮನೆ ಎರಡು ಬೀದಿ ಆಚೆ, ಅಕ್ಕನ ಮನೆ ಸಹಕಾರನಗರ. ಎರಡು ಕಡೆಗೂ ಹೋಗಲಿಲ್ಲ. ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಆ ಗೆರೆ ಕೆರೆದು ಐದಕ್ಕೆ ಸರಿಯಾಗಿ ಹೊಸದು ಬಳಿದೆ. ಬಣ್ಣ ಒಣಗುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಟೂರ್ನಮೆಂಟಿನವರು ಅಕ್ಕನನ್ನು ಕರೆಸಿ ವಿಚಾರಣೆ ಮಾಡಿದರು. ಗೆರೆಯ ಬಗ್ಗೆ ತಕರಾರಿದೆಯೇ ಎಂದು ಕೇಳಿದರಂತೆ. ಅವಳ ಉತ್ತರವನ್ನು ಬಷೀರ್ ಸಾಹೇಬರು ನನಗೆ ಬಂದು ಹೇಳಿದರು, ಮೆಚ್ಚಿಕೊಂಡೇ ಹೇಳಿದರು. “ಗೆರೆ ನನ್ ತಮ್ಮ ಹಾಕಿದ್ದು, ಅದು ತಪ್ಪಿರಲ್ಲ. ತಪ್ಪು ನಂದೇ.” ಆ ವರ್ಷದ ಉಳಿದ ಪಂದ್ಯಗಳಿಂದ ಅವಳನ್ನು ಹೊರಗಿಟ್ಟರು. ಶಾಲೆಯವರು ತಂಡವನ್ನು ಬೇರೊಬ್ಬರಿಗೆ ಒಪ್ಪಿಸಿ, ಎರಡು ವರ್ಷ ಅವಳಿಗೆ ಬೆಳಗಿನ ಡ್ರಿಲ್ ಮಾತ್ರ ಕೊಟ್ಟರು.

ಆಮೇಲೆ ತಂಡ ಅವಳ ಕೈಗೆ ವಾಪಸ್ ಬಂತು. ಗೆದ್ದಳು, ಸೋತಳು, ಮತ್ತೆ ಗೆದ್ದಳು. ನಿವೃತ್ತಿಯಾದ ಮೇಲೆ ಸಹಕಾರನಗರದ ಪಾರ್ಕಿನ ಪಕ್ಕ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾಳೆ. ಅವಳಿಗೆ ಅದರಲ್ಲಿ ಕೊರತೆಯಿಲ್ಲ. ಆದರೆ ಆ ಫೈನಲ್ ಆದ ಮೇಲೆ ಅವಳು ಎದ್ದು ನಿಂತು ಕೋಚ್ ಮಾಡಲಿಲ್ಲ. ಗೆರೆಯಿಂದ ಸಾಕಷ್ಟು ದೂರಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ ಕೂರುವಳು. “ಎದ್ರೆ ಕಾಲು ನನ್ ಮಾತ್ ಕೇಳಲ್ಲ ಕಣೋ. ಆವತ್ತು ಮಕ್ಕಳ ಮ್ಯಾಚ್ ಹೋಯ್ತಲ್ಲ” ಎನ್ನುವಳು. ಹೊಸ ಕೋಚ್‌ಗಳಿಗೆ ಅವಳನ್ನು ತೋರಿಸಿ, ನೋಡಿ ಶಿಸ್ತು ಎಂದರೆ ಇದು ಅನ್ನುತ್ತಿದ್ದರು. ನಾನು ಟೇಬಲ್ಲಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದೆ. ಪ್ರತಿ ಹಬ್ಬಕ್ಕೂ ಅವಳ ಮನೆಗೆ ಹೋದೆ, ಊಟ ಮಾಡಿದೆ, ನಕ್ಕೆ. ಪ್ರತಿ ಸಲ ಗೇಟಿನವರೆಗೆ ಬಂದು, ಹೇಳೋಣ ಅಂದುಕೊಂಡು, ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಕೆಲಸವೂ ಎಷ್ಟೋ ಬದಲಾಯಿತು. ಈಗ ಟೆಕ್ನಿಕಲ್ ಆದರೆ ಒಂದೇ ಫ್ರೀ ಥ್ರೋ. ಕೋಚ್ ಕೂತಿದ್ದರೆ ಅವರ ಸಹಾಯಕರು ಎದ್ದು ನಿಲ್ಲಬಹುದು, ಇಬ್ಬರೂ ಒಟ್ಟಿಗೆ ನಿಲ್ಲುವ ಹಾಗಿಲ್ಲ. ಸ್ಕೋರನ್ನು ಟ್ಯಾಬ್‌ನಲ್ಲಿ ಒತ್ತುತ್ತಾರೆ, ಶ್ರೀನಿವಾಸಯ್ಯನವರ ಎರಡು ಪೆನ್ನು ಬೇಕಾಗಿಲ್ಲ. ಅಳತೆಗೆ ಕೆಂಪು ಬೆಳಕಿನ ಯಂತ್ರ ಬಂದಿದೆ. ಒಳ್ಳೆಯದೇ. ಆದರೂ ಯಂತ್ರ ಇಟ್ಟ ಮೇಲೆ ಒಮ್ಮೆ ನಿಮ್ಮ ಹೆಜ್ಜೆಯಿಂದಲೂ ಅಳೆಯಿರಿ ಎಂದು ನಾನು ಹೇಳುತ್ತೇನೆ.

ಈ ಬೇಸಿಗೆಯಲ್ಲಿ ನಸ್ರೀನ್ ನಮ್ಮ ಯಲಹಂಕದ ಕೋರ್ಟಿನಲ್ಲೇ ಹೊಸಬರಿಗೆ ತರಬೇತಿ ಇಟ್ಟಿದ್ದಳು. ಹನ್ನೆರಡು ಜನ. ಗೆರೆ ಅಳೆಯುವುದನ್ನು ತೋರಿಸಲು ನನ್ನನ್ನು ಕರೆದಳು, ಕೋಚ್‌ಗಳ ಜೊತೆ ಹೇಗೆ ಮಾತಾಡಬೇಕೆಂದು ಹೇಳಲು ಅಕ್ಕನನ್ನು. ಬೆಳಗಿನ ಹೊತ್ತು, ತಂಪಾಗಿತ್ತು. ಕೋರ್ಟಿಗೆ ಈಗ ನೀಲಿ ರಬ್ಬರಿನ ಹೊದಿಕೆ. ಬೇಲಿಯ ಕಂಬಗಳು ಮಾತ್ರ ಅವೇ. ಅಕ್ಕ ತನ್ನ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

ನಾನು ನಡುಗೆರೆಯಿಂದ ಟೇಪ್ ಎಳೆದು ಐದು ಮೀಟರ್ ತೋರಿಸಿದೆ. ಕನ್ನಡಕ ಹಾಕಿದ ಒಬ್ಬಳು ಹುಡುಗಿ ಕೈ ಎತ್ತಿದಳು.

“ಅಂಕಲ್, ಮ್ಯಾಚ್ ಮಧ್ಯ ಗೆರೆನೇ ತಪ್ಪು ಅಂತ ಡೌಟ್ ಬಂದ್ರೆ?”

“ಗಡಿಯಾರ ನಿಂತ ತಕ್ಷಣ ರೆಫರಿಗೆ ಹೇಳ್ಬೇಕಮ್ಮ. ಟೇಪ್ ಹಿಡೀಬೇಕು.”

“ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?”

ಟೇಪು ನನ್ನ ಕೈಯಲ್ಲೇ ಇತ್ತು. ಗುಂಡಿ ಒತ್ತಿದ್ದಕ್ಕೆ ಸರ್ರನೆ ಒಳಗೆ ಹೋಯಿತು. ಇಲ್ಲಿ ಹೇಳದಿದ್ದರೆ ಈ ಹನ್ನೆರಡು ಜನಕ್ಕೆ ನಾನು ಕಲಿಸುತ್ತಿರುವುದು ಸುಳ್ಳು ಅನ್ನಿಸಿತು.

“ಅಂದ್ಕೊಳ್ತಾರೆ ಅಂತ ನಾನು ಒಂದ್ಸಲ ಹೇಳ್ಲಿಲ್ಲ” ಅಂದೆ. “ಇದೇ ಕೋರ್ಟು. ಇದೇ ಬೆಂಚು. ಹಳೇ ಟೇಪಿನ ಅಭ್ಯಾಸದಲ್ಲಿ ಹೊಸ ಟೇಪಲ್ಲಿ ಐದೂವರೆಗೆ ಗೆರೆ ಹಾಕಿದ್ದೆ. ಮಾರನೇ ದಿನ ಯಾರಿಗೂ ಗೊತ್ತಾಗ್ದಂಗೆ ಸರಿ ಮಾಡ್ದೆ. ಆ ಗೆರೆ ದಾಟಿದ್ರು ಅಂತ ಹೊರಗೆ ಹೋದೋರು ಅಲ್ಲಿ ಕುರ್ಚಿ ಮೇಲೆ ಕೂತಿದಾರೆ.”

ನಸ್ರೀನ್ ಬಾಯಿಯ ಹತ್ತಿರ ಹಿಡಿದಿದ್ದ ಸೀಟಿ ಹಾಗೇ ಇತ್ತು. ಅವಳು ಆ ತಂಡದ ಕ್ಯಾಪ್ಟನ್ ಆಗಿದ್ದವಳು. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ನಿಧಾನವಾಗಿ ನಡೆದು ಮೂರನೇ ಕಂಬದ ನೇರಕ್ಕೆ ಬಂದು ನಿಂತಳು. ಕೆಳಗೆ ನೋಡಿದಳು. ಹೊಸ ಗೆರೆ ಅವಳ ಶೂ ತುದಿಗೆ ಸರಿಯಾಗಿ ಮುಂದಿತ್ತು.

“ಇಲ್ಲೇ ಅಲ್ವೇನೋ ನಾನ್ ಅವತ್ತು ನಿಂತಿದ್ದು?”

“ಇಲ್ಲೇ ಅಕ್ಕ.”

“ಒಳಗಾ, ಹೊರಗಾ?”

“ಒಳಗೆ.”

“ಜೋರಾಗ್ ಹೇಳು. ಆ ಮಗೀಗೂ ಕೇಳ್ಲಿ” ಎಂದು ನಸ್ರೀನ್ ಕಡೆ ತೋರಿಸಿದಳು.

“ಒಳಗೇ ಇದ್ದೆ ಅಕ್ಕ. ನೀನು ದಾಟಿರ್ಲಿಲ್ಲ.”

“ಅದ್ಕೇ ನನ್ ಕಾಲು ಒಪ್ತಾನೇ ಇರ್ಲಿಲ್ಲ ನೋಡು” ಅಂದಳು. ಮುಖದ ಮೇಲೆ ಕೋಪವಿರಲಿಲ್ಲ, ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಸಿಕ್ಕಿದ ಹಾಗಿತ್ತು. ಆಮೇಲೆ ನನ್ನನ್ನೇ ದಿಟ್ಟಿಸಿದಳು. “ಅಲ್ಲ ಕಣೋ, ಇಂಗಾಯ್ತು ಅಂಗಾಯ್ತು ಅಂತ ಟೇಪಿನ ಕಥೆ ಎಲ್ಲಾ ಹೇಳ್ದೆ. ಒಂದ್ ಮಾತ್ ಬಾಕಿ ಐತಲ್ಲ?”

ಬಾಕಿ ಇತ್ತು. ಟೇಪ್ ಕೆಳಗಿಟ್ಟು ಅವಳ ಹತ್ತಿರ ಹೋದೆ. ಹನ್ನೆರಡು ಜನರಿಗೂ ಕೇಳುವ ಹಾಗೆ ಹೇಳಿದೆ.

“ಗೆರೆ ತಪ್ಪಿದ್ದು ಕೈಯಿಂದ ಅಕ್ಕ. ಗೊತ್ತಿದ್ದೂ ಸುಮ್ನಿದ್ದಿದ್ದು ನಾನೇ. ನೀನು ನನ್ನ ನಂಬಿದ್ದೆ, ನಾನು ನನ್ ಹೆಸರು ಉಳಿಸ್ಕೊಂಡೆ. ನಸ್ರೀನ್, ನಿಂಗೂ ಹೇಳ್ತಿದೀನಮ್ಮ. ತಪ್ಪಾಯ್ತು. ಕ್ಷಮಿಸ್ಬಿಡು ಅಕ್ಕ.”